‘ಬರಲೇ ಇಲ್ಲ’ದಿಂದ ‘ಅಟ್ ಆಲ್’ಗೆ

ದಾವಣಗೆರೆಯಲ್ಲಿ ಸಂಜೆ ಹೊತ್ತು ಸ್ಪೋಕನ್ ಇಂಗ್ಲಿಷ್ ಹೇಳಿಕೊಡುತ್ತೇನೆ. ಡಿಗ್ರಿ ಮುಗಿಸಿ ಬೆಂಗಳೂರಿನ ಇಂಟರ್‌ವ್ಯೂಗೆ ತಯಾರಾಗುವವರು, ಅಂಗಡಿಯಲ್ಲಿ ಲೆಕ್ಕ ಬರೆಯುವವರು, ಮಕ್ಕಳ ಹೋಮ್‌ವರ್ಕ್ ನೋಡಬೇಕು ಅಂತ ಬರುವ ತಾಯಂದಿರು, ಎಲ್ಲ ತರಹದವರೂ ಇರುತ್ತಾರೆ. ಹರಿಹರ, ಜಗಳೂರು, ಹೊಳಲ್ಕೆರೆ ಕಡೆಯಿಂದಲೂ ಬಸ್ಸು ಹಿಡಿದು ಬರುತ್ತಾರೆ. ಟೆನ್ಸು ಗಿನ್ಸು ಇವರಿಗೆ ಹೇಗೋ ಬರುತ್ತದೆ. ತೊಡಕಾಗುವುದು ಸಣ್ಣ ಮಾತುಗಳಲ್ಲಿ. ಅದರಲ್ಲೂ ‘ಅಟ್ ಆಲ್’.

‘ಐ ಆ್ಯಮ್ ಟಯರ್ಡ್ ಅಟ್ ಆಲ್.’ ‘ಐ ವಿಲ್ ಕಮ್ ಅಟ್ ಆಲ್.’ ಇಂಥವು ಕ್ಲಾಸಿನಲ್ಲಿ ಆಗಾಗ ಕಿವಿಗೆ ಬೀಳುತ್ತವೆ. ಯಾಕೆ ಹಾಕಿದೆಯಪ್ಪಾ ಅಂದರೆ, ‘ಒತ್ತಿ ಹೇಳೋಕೆ ಮೇಡಂ’ ಅನ್ನುತ್ತಾರೆ. ಅಟ್ ಆಲ್ ಅಂದರೆ ‘ಖಂಡಿತ’ ಅಂತ ಎಲ್ಲೋ ಬರೆದುಕೊಂಡಿರುತ್ತಾರೆ. ಒತ್ತಿ ಹೇಳೋಕೆ ಅನ್ನುವುದೇನೋ ನಿಜ. ಆದರೆ ‘ಖಂಡಿತ’ ಎರಡೂ ಕಡೆ ನಡೆಯುತ್ತದೆ. ಖಂಡಿತ ಬರ್ತೀನಿ ಅನ್ನಬಹುದು, ಖಂಡಿತ ಬರಲ್ಲ ಅಂತಲೂ ಅನ್ನಬಹುದು. ಅಟ್ ಆಲ್‌ನ ಜಾಯಮಾನ ‘ಸುತರಾಂ’ ತರಹದ್ದು. ‘ಸುತರಾಂ ಒಪ್ಪಲ್ಲ’ ಅಂತೀವಿ. ‘ಸುತರಾಂ ಒಪ್ತೀನಿ’ ಅಂತ ಯಾರಾದರೂ ಅಂತಾರಾ? ಹಾಗೇ ಅಟ್ ಆಲ್ ಬರಬೇಕಾದರೆ ಅದರ ಹಿಂದೆ ಒಂದು ‘ನಾಟ್’, ‘ನೋ’, ‘ನೆವರ್’ ಅಥವಾ ‘ನಥಿಂಗ್’ ಇರಬೇಕು. ಅದಿಲ್ಲದಿದ್ದರೆ ಮಾತು ಪ್ರಶ್ನೆಯಾಗಿರಬೇಕು, ಇಲ್ಲವೇ ‘ಇಫ್’ನಿಂದ ಶುರುವಾಗಿರಬೇಕು.

ಇಷ್ಟು ಹೇಳಿದರೆ ಎಲ್ಲರೂ ತಲೆ ಆಡಿಸುತ್ತಾರೆ. ಮಾತಾಡುವಾಗ ಮಾತ್ರ ಯಾರಿಗೂ ನೆನಪಿರುವುದಿಲ್ಲ. ಅದಕ್ಕೇ ನಾನು ಕನ್ನಡದಿಂದಲೇ ಶುರು ಮಾಡುತ್ತೇನೆ. ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲಿ ಕನ್ನಡ ಮಾತಾಡಲೇಬಾರದು ಅನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಕೈಯಲ್ಲಿರುವ ಬೀಗದ ಕೈ ಬಿಟ್ಟು ಬಾಗಿಲು ಒದ್ದರೆ ಏನು ಬಂತು?

ಬೋರ್ಡಿನ ಮೇಲೆ ಎರಡು ಸಾಲು ಬರೆಯುತ್ತೇನೆ. ‘ಮಳೆ ಬರಲಿಲ್ಲ.’ ‘ಮಳೆ ಬರಲೇ ಇಲ್ಲ.’ ಎರಡಕ್ಕೂ ಏನು ವ್ಯತ್ಯಾಸ ಅಂತ ಕೇಳಿದರೆ ಒಮ್ಮೆ ಜಗಳೂರಿನ ಹುಡುಗಿ ಥಟ್ ಅಂತ ಹೇಳಿದಳು, ‘ಎರಡನೇದು ನಮ್ಮೂರಿನದು ಮೇಡಂ.’ ಎಲ್ಲರೂ ನಕ್ಕರು. ಆದರೆ ಅವಳು ಹೇಳಿದ್ದು ಸರಿಯಾಗೇ ಇತ್ತು. ಮೊದಲನೆಯದು ಬರೀ ಸುದ್ದಿ. ಎರಡನೆಯದರಲ್ಲಿ ಕಾದು ಕಾದು ಸುಸ್ತಾದದ್ದೂ ಇದೆ, ಒಂದು ಹನಿಯೂ ಬೀಳದ್ದೂ ಇದೆ. ಇಂಗ್ಲಿಷಿನಲ್ಲಿ ‘ಇಟ್ ಡಿಡ್ ನಾಟ್ ರೇನ್’ ಅಂದರೆ ಮೊದಲನೆಯದು, ‘ಇಟ್ ಡಿಡ್ ನಾಟ್ ರೇನ್ ಅಟ್ ಆಲ್’ ಅಂದರೆ ಎರಡನೆಯದು. ‘ಇಲ್ಲ’ದ ಹಿಂದೆ ಕೂತ ಆ ‘ಏ’ ಇದೆಯಲ್ಲ, ಅದೇ ಅಟ್ ಆಲ್.

ಆಮೇಲೆ ಸಾಲು ಸಾಲಾಗಿ ಹೇಳಿಸುತ್ತೇನೆ. ಗೊತ್ತೇ ಇಲ್ಲ, ನಿದ್ದೇನೇ ಬರಲಿಲ್ಲ, ಅವನು ಮಾತೇ ಆಡಲಿಲ್ಲ. ಭದ್ರಾ ನಾಲೆಯ ಕೊನೆಭಾಗದ ಊರಿನವನೊಬ್ಬ ‘ನೀರು ತಲುಪಲೇ ಇಲ್ಲ’ ಅಂತ ಕೊಟ್ಟ. ‘ದಿ ವಾಟರ್ ಡಿಡ್ ನಾಟ್ ರೀಚ್ ಅಸ್ ಅಟ್ ಆಲ್.’ ಕನ್ನಡದಲ್ಲಿ ‘ಏ’ ಎಲ್ಲಿ ಒತ್ತಬೇಕೋ ಅಲ್ಲೇ ಅಂಟಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಅಟ್ ಆಲ್ ಸಾಮಾನ್ಯವಾಗಿ ಕೊನೆಗೆ ಹೋಗುತ್ತದೆ. ‘ಐ ಡೋಂಟ್ ಅಟ್ ಆಲ್ ನೋ’ ಅಂತ ಮಧ್ಯೆ ತುರುಕುವುದು ನಮ್ಮವರಲ್ಲಿ ಜಾಸ್ತಿ. ‘ಐ ಡೋಂಟ್ ನೋ ಅಟ್ ಆಲ್’ ಅಂದರೆ ಸಲೀಸು. ಇನ್ನು ‘ಅವನೇ ಬಂದ’ ಅನ್ನುವಾಗಲೂ ‘ಏ’ ಇರುತ್ತದಲ್ಲ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಅಲ್ಲಿ ‘ಇಲ್ಲ’ ಇಲ್ಲ, ಹಾಗಾಗಿ ಅಟ್ ಆಲ್ ಕೂಡ ಇಲ್ಲ. ಅಲ್ಲಿಗೆ ‘ಹಿ ಹಿಮ್‌ಸೆಲ್ಫ್ ಕೇಮ್’ ಬೇಕು.

ಹಿರಿಯೂರು ಕಡೆಯವರು ಇದ್ದರೆ ವಾಣಿವಿಲಾಸ ಸಾಗರವನ್ನು ಎಳೆದು ತರುತ್ತೇನೆ. ನಮ್ಮ ಹಿರಿಯರ ಬಾಯಲ್ಲಿ ಅದು ಮಾರಿಕಣಿವೆ. 1897ರಲ್ಲಿ ಶುರುವಾಗಿ 1907ರಲ್ಲಿ ಮುಗಿದ ಕಟ್ಟೆ. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ ಬೀಳಲೇ ಇಲ್ಲ. ಒಬ್ಬರು ‘ಡಿಡ್ ಇಟ್ ಓವರ್‌ಫ್ಲೋ ಅಟ್ ಆಲ್ ಆಫ್ಟರ್ 1933?’ ಅಂತ ಕೇಳಬೇಕು. ಇನ್ನೊಬ್ಬರು ‘ನಾಟ್ ಅಟ್ ಆಲ್, ಅಂಟಿಲ್ 2022’ ಅನ್ನಬೇಕು. ಕೋಡಿ ನೋಡೋಕೆ ಹೋಗಿಬಂದವರು ಅಲ್ಲಿಂದ ಮಾತು ಮುಂದುವರಿಸಿದರೆ ನಾನು ಸುಮ್ನೆ ಕೂತು ಕೇಳುತ್ತೇನೆ. ಕ್ಲಾಸು ಅಂದರೆ ಅದೇ ಅಲ್ವಾ?

‘ಇಫ್’ ಜೊತೆಗೆ ಬರುವ ಅಟ್ ಆಲ್‌ಗೆ ನಮ್ಮಲ್ಲಿ ‘ಏನಾದರೂ’ ಇದೆ. ‘ಮಳೆ ಬಂದರೆ’ ಬೇರೆ, ‘ಮಳೆ ಏನಾದರೂ ಬಂದರೆ’ ಬೇರೆ. ಎರಡನೆಯದನ್ನು ಹೇಳುವವನಿಗೆ ಮಳೆ ಬರುವ ನಂಬಿಕೆ ಅಷ್ಟಕ್ಕಷ್ಟೇ. ‘ಇಫ್ ಇಟ್ ರೇನ್ಸ್ ಅಟ್ ಆಲ್’ ಅಂದಾಗಲೂ ಅದೇ ಅನುಮಾನ. ಇದನ್ನು ಒಂದು ಸಲ ಹೇಳಿದರೆ ಸಾಕು, ಹಿಡಿದುಬಿಡುತ್ತಾರೆ.

ಪ್ರಶ್ನೆಯಲ್ಲಿ ಸ್ವಲ್ಪ ಹುಷಾರಾಗಿರಬೇಕು. ‘ಡು ಯು ಸ್ಟಡಿ?’ ಅಂದರೆ ಓದ್ತೀಯಾ ಅಷ್ಟೇ. ‘ಡು ಯು ಸ್ಟಡಿ ಅಟ್ ಆಲ್?’ ಅಂದರೆ ಪರೀಕ್ಷೆಗೆ ಎರಡು ದಿನ ಇರುವಾಗ ಅಮ್ಮ ಕೇಳುತ್ತಾಳಲ್ಲ, ‘ನೀನು ಓದೋದು ಅಂತ ಏನಾದ್ರೂ ಇದೆಯೇನೋ?’, ಹಾಗೆ. ಇಂಟರ್‌ವ್ಯೂ ಮಾಡುವವರನ್ನು ‘ಡು ಯು ಗಿವ್ ಲೀವ್ ಅಟ್ ಆಲ್?’ ಅಂತ ಕೇಳಿದರೆ ಕೆಲಸ ಸಿಕ್ಕ ಹಾಗೇ! ಅಲ್ಲಿ ಅಟ್ ಆಲ್ ಬಿಟ್ಟು ಕೇಳಿ ಅಂತ ಖಡಾಖಂಡಿತವಾಗಿ ಹೇಳಿರುತ್ತೇನೆ.

ನನಗೆ ತುಂಬಾ ಇಷ್ಟವಾದದ್ದು ಇನ್ನೊಂದಿದೆ. ‘ಐ ಆ್ಯಮ್ ಸರ್ಪ್ರೈಸ್ಡ್ ದಿ ಬಸ್ ಕೇಮ್ ಅಟ್ ಆಲ್.’ ಇದನ್ನು ಬೋರ್ಡಿನ ಮೇಲೆ ಬರೆದರೆ ಜಾಣರು ಎದ್ದು ನಿಲ್ಲುತ್ತಾರೆ. ‘ನಾಟ್ ಇಲ್ಲ, ಪ್ರಶ್ನೆ ಇಲ್ಲ, ಇಫ್ ಇಲ್ಲ. ನೀವೇ ಹೇಳಿದ್ದು ಸುಳ್ಳಾಯ್ತಲ್ಲ ಮೇಡಂ?’ ಆಗ ಕೇಳುತ್ತೇನೆ, ರಾತ್ರಿ ಕೊನೇ ಬಸ್ಸು ಒಂದೂವರೆ ಗಂಟೆ ತಡವಾಗಿ ಬಂದರೆ ಸ್ಟಾಂಡಿನಲ್ಲಿ ಕಾಯುತ್ತಿದ್ದವರು ಏನಂತಾರೆ? ‘ಬಂದಿದ್ದೇ ದೊಡ್ಡದು!’ ಬಸ್ಸು ಬಂದಿದೆ ನಿಜ. ಆದರೆ ಹೇಳುವವನ ಮನಸ್ಸಿನಲ್ಲಿ ‘ಬರಲ್ಲ’ ಅಂತಲೇ ಇತ್ತು. ಅಟ್ ಆಲ್ ಹಿಡಿದುಕೊಂಡದ್ದು ಬಾಯಿಗೆ ಬಾರದ ಆ ‘ಇಲ್ಲ’ವನ್ನು. ಇದು ಗೊತ್ತಾದ ಮೇಲೆ ಹುಡುಗರು ಇದನ್ನು ಬಿಡುವುದೇ ಇಲ್ಲ. ನೆಂಟರು ಬಂದದ್ದು, ಕರೆಂಟು ಬಂದದ್ದು, ಸ್ಕಾಲರ್‌ಶಿಪ್ ದುಡ್ಡು ಬಂದದ್ದು, ಎಲ್ಲಕ್ಕೂ ಇದೇ.

‘ಎನಿವನ್ ಅಟ್ ಆಲ್ ಕ್ಯಾನ್ ಜಾಯಿನ್’ ಅಂತ ಬಂದರೆ ಅದು ನಮ್ಮ ‘ಯಾರು ಬೇಕಾದರೂ’. ‘ಅಟ್ ಆಲ್ ಟೈಮ್ಸ್’, ‘ಅಟ್ ಆಲ್ ಕಾಸ್ಟ್ಸ್’ ಇವುಗಳದ್ದು ಬೇರೆ ಮನೆತನ. ಅಲ್ಲಿ ‘ಆಲ್’ ಮುಂದಿನ ಪದಕ್ಕೆ ಸೇರಿದ್ದು, ಇದರ ಜೊತೆ ಬೆರೆಸಬೇಡಿ.

ಖಾರದ ಮಾತು ಬಂದಾಗ ‘ವೆರಿ’ಗೂ ‘ಅಟ್ ಆಲ್’ಗೂ ಇರುವ ದೂರ ತೋರಿಸುತ್ತೇನೆ. ಬೆಣ್ಣೆ ದೋಸೆಯ ಚಟ್ನಿ ‘ನಾಟ್ ವೆರಿ ಸ್ಪೈಸಿ’ ಅಂದರೆ ಅಷ್ಟೇನೂ ಖಾರ ಇರಲಿಲ್ಲ, ಆದರೂ ಇತ್ತು. ‘ನಾಟ್ ಸ್ಪೈಸಿ ಅಟ್ ಆಲ್’ ಅಂದರೆ ಒಂಚೂರೂ ಖಾರ ಇಲ್ಲ, ಸಪ್ಪೆ. ಊಟಕ್ಕೆ ಕರೆದವರ ಮುಂದೆ ಎರಡನೆಯದನ್ನು ಬಳಸುವ ಮುಂಚೆ ಯೋಚನೆ ಮಾಡಿ.

ಕೇಳುವಾಗ ಇನ್ನೊಂದು ಪಜೀತಿ. ಇಂಗ್ಲಿಷಿನವರು ಇದನ್ನು ಬಿಡಿಸಿ ಹೇಳುವುದಿಲ್ಲ. ‘ಅಟಾಲ್’ ಅಂತ ಒಂದೇ ಉಸಿರಿಗೆ ಬರುತ್ತದೆ. ‘ನಾಟ್ ಅಟ್ ಆಲ್’ ಅನ್ನುವುದು ‘ನಾಟಟಾಲ್’ ಆಗುತ್ತದೆ. ಮೊಬೈಲಿನಲ್ಲಿ ರೆಕಾರ್ಡ್ ಹಾಕಿ ಕೇಳಿಸಿದರೆ ಮೊದಮೊದಲು ಯಾರದೋ ಹೆಸರು ಅಂದುಕೊಳ್ಳುತ್ತಾರೆ.

ಅದೇ ನಾಟಟಾಲ್ ಎಲ್ಲಕ್ಕಿಂತ ಜಾಸ್ತಿ ಕಾಟ ಕೊಡುವುದು ಉತ್ತರವಾಗಿ ಬಂದಾಗ. ಬಸ್ಸಿನಲ್ಲಿ ಯಾರೋ ‘ಡು ಯು ಮೈಂಡ್ ಇಫ್ ಐ ಸಿಟ್ ಹಿಯರ್?’ ಅಂತ ಕೇಳುತ್ತಾರೆ. ನಮ್ಮವರು ಧಾರಾಳವಾಗಿ ‘ಯೆಸ್ ಯೆಸ್’ ಅನ್ನುತ್ತಾರೆ, ಕೂತ್ಕೊಳ್ಳಿ ಅನ್ನುವ ಅರ್ಥದಲ್ಲಿ. ಆದರೆ ಕೇಳಿದ್ದು ‘ನಿಮಗೇನಾದರೂ ತೊಂದರೆಯಾ?’ ಅಂತ. ಯೆಸ್ ಅಂದರೆ ತೊಂದರೆ ಇದೆ ಅಂತಾಯಿತು. ಅಲ್ಲಿ ‘ನಾಟ್ ಅಟ್ ಆಲ್’ ಅನ್ನಬೇಕು, ಒಂಚೂರೂ ತೊಂದರೆ ಇಲ್ಲ ಅಂತ. ಇದಕ್ಕೆ ಪಕ್ಕದ ಕುರ್ಚಿಯ ಮೇಲೆ ಬ್ಯಾಗ್ ಇಡಿಸಿ ಇಬ್ಬಿಬ್ಬರನ್ನು ಆಡಿಸುತ್ತೇನೆ. ಉತ್ತರ ಸರಿಯಾಗಿ ಹೇಳಿ ಬ್ಯಾಗ್ ತೆಗೆಯದೇ ಕೂರುವವರೂ ಇದ್ದಾರೆ! ಎದುರಿನವರಿಗೂ ಗೊಂದಲ ಬೇಡ ಅಂತ ಈಗ ‘ನಾಟ್ ಅಟ್ ಆಲ್, ಪ್ಲೀಸ್ ಸಿಟ್’ ಅಂತ ಎರಡನ್ನೂ ಸೇರಿಸಿಯೇ ಹೇಳಿಸುತ್ತಿದ್ದೇನೆ.