ಫೈಬರ್ ಹೋದರೂ ಬಿಲ್ ನಿಲ್ಲಬಾರದು: ಎರಡು ಇಂಟರ್ನೆಟ್ ಲೈನಿಗೆ ಒಂದು ಫೈರ್‌ವಾಲ್

ಕಲಬುರಗಿಯ ನೆಹರು ಗಂಜ್ ಇರಲಿ, ಕಪನೂರಿನ ದಾಲ್ ಮಿಲ್ ಇರಲಿ, ತೊಗರಿ ಸೀಸನ್ನಿನಲ್ಲಿ ಇಂಟರ್ನೆಟ್ ಹೋದರೆ ಬಿಲ್ಲೂ ನಿಂತಿತು, ಬ್ಯಾಂಕಿನ ಕೆಲಸವೂ ನಿಂತಿತು. ಹಾಗಾಗಿ ಫೈಬರ್ ಜೊತೆಗೆ ಸಿಮ್ ಹಾಕುವ ರೌಟರೊಂದನ್ನೂ ಇಟ್ಟುಕೊಳ್ಳುವುದು ಜಾಸ್ತಿಯಾಗಿದೆ. ಆದರೆ ಫೈಬರ್ ಕೈಕೊಟ್ಟಾಗಲೆಲ್ಲ ಮುನೀಮರು ಲೆಕ್ಕ ಬಿಟ್ಟು ಎದ್ದು ಕೇಬಲ್ ಬದಲಿಸಬೇಕು. ಈ ಕೆಲಸವನ್ನು ಒಂದು ಹಳೆಯ ಕಂಪ್ಯೂಟರಿಗೆ ಒಪ್ಪಿಸಬಹುದು. ಅದನ್ನೇ ಫೈರ್‌ವಾಲ್ ಮಾಡುವುದು, ಅಂದರೆ ಆಫೀಸಿಗೂ ಇಂಟರ್ನೆಟ್ಟಿಗೂ ನಡುವೆ ಕೂತು ಓಡಾಟ ನಿಯಂತ್ರಿಸುವ ಪೆಟ್ಟಿಗೆ.

ಬೇಕಾದದ್ದು 64 ಬಿಟ್‌ನ ಕಂಪ್ಯೂಟರ್, 4 ಜಿಬಿ ರ‍್ಯಾಮ್, ಚಿಕ್ಕದೊಂದು ಎಸ್‌ಎಸ್‌ಡಿ, ನಾಲ್ಕು ಪೋರ್ಟಿನ ನೆಟ್‌ವರ್ಕ್ ಕಾರ್ಡ್. ಕಾರ್ಡ್ ಇಂಟೆಲ್‌ನದ್ದಾದರೆ ಒಳ್ಳೆಯದು, ತಕರಾರು ಕಡಿಮೆ. ಸಾಫ್ಟ್‌ವೇರ್‌ಗೆ ಓಪನ್‌ಸೆನ್ಸ್ ಸಾಕು. ಇದು ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂ ಮೇಲೆ ನಡೆಯುತ್ತದೆ, ಪಿಎಫ್‌ಸೆನ್ಸ್ ಎಂಬ ಹಳೆಯ ಫೈರ್‌ವಾಲ್ ಸಾಫ್ಟ್‌ವೇರ್‌ನಿಂದ ಕವಲೊಡೆದು 2015ರಲ್ಲಿ ಬಿಡುಗಡೆಯಾದದ್ದು, ದುಡ್ಡು ಕೊಡಬೇಕಿಲ್ಲ. ಪೆನ್‌ಡ್ರೈವ್‌ನಿಂದ ಇನ್‌ಸ್ಟಾಲ್ ಮಾಡುವುದು ಸುಲಭ. ತಲೆನೋವು ಶುರುವಾಗುವುದು ಆಮೇಲೆ.

ಮೊದಲು ಪೋರ್ಟ್‌ಗಳ ಗುರುತು. ಒಂದೊಂದೇ ಪೋರ್ಟಿಗೆ ಕೇಬಲ್ ಚುಚ್ಚಿ, ಪರದೆಯ ಮೇಲೆ ಯಾವುದು ಎಚ್ಚೆತ್ತುಕೊಂಡಿತು ನೋಡಿ, ಅಲ್ಲೇ ಚೀಟಿ ಅಂಟಿಸಿ: ಫೈಬರ್, ಸಿಮ್, ಆಫೀಸು, ಸಿಸಿಟಿವಿ ಕ್ಯಾಮೆರಾ. ಆರು ತಿಂಗಳ ನಂತರ ಬೇರೆ ಯಾರೋ ಬಂದು ಮುಟ್ಟುತ್ತಾರೆ, ಆಗ ಈ ಚೀಟಿಯೇ ಗತಿ.

ಮುಂದೆ ವಿಳಾಸ. ನಾಲ್ಕು ಪೋರ್ಟಿಗೂ ನಾಲ್ಕು ಬೇರೆ ಬೇರೆ ವಿಳಾಸದ ಸಾಲು ಬೇಕು. ಎಡವುವುದು ಇಲ್ಲೇ. ಓಪನ್‌ಸೆನ್ಸ್ ತನ್ನ ಆಫೀಸು ಬದಿಗೆ ತಾನಾಗಿಯೇ 192.168.1.1 ಇಟ್ಟುಕೊಳ್ಳುತ್ತದೆ. ಎಷ್ಟೋ ಕಂಪನಿಗಳ ಫೈಬರ್ ಡಬ್ಬಿಯಲ್ಲೂ ಅದೇ ಇರುತ್ತದೆ. ಎರಡೂ ಕಡೆ ಒಂದೇ ಸಾಲು ಇದ್ದರೆ ಯಾವ ಕಡೆ ಕಳಿಸಬೇಕು ಎಂದು ಫೈರ್‌ವಾಲ್‌ಗೆ ತಿಳಿಯುವುದಿಲ್ಲ. ಆಫೀಸಿಗೆ 10.10.10.1, ಕ್ಯಾಮೆರಾಗೆ 10.10.20.1 ಕೊಡಿ, ಎರಡಕ್ಕೂ 24ರ ಮಾಸ್ಕ್ (ವಿಳಾಸದ ಮೊದಲ ಮೂರು ಅಂಕಿ ಒಂದೇ ಇದ್ದರೆ ಒಂದೇ ಸಾಲು ಎಂದರ್ಥ). ಫೈಬರ್ ಮತ್ತು ಸಿಮ್ ರೌಟರ್‌ಗಳು ತಮ್ಮಲ್ಲೇ ಒಂದೇ ಸಾಲಿನಲ್ಲಿದ್ದರೆ ಸಿಮ್ ರೌಟರ್‌ನದ್ದನ್ನು 192.168.5.1ಕ್ಕೆ ಬದಲಿಸಿ.

ಈಗ ಮುಖ್ಯವಾದದ್ದು. ಲೈನ್ ಸತ್ತಿದೆ ಎಂದು ಫೈರ್‌ವಾಲ್‌ಗೆ ಗೊತ್ತಾಗುವುದು ಹೇಗೆ? ಓಪನ್‌ಸೆನ್ಸ್‌ನ ಗೇಟ್‌ವೇ (ಒಂದೊಂದು ಲೈನಿಗೂ ಹೊರಹೋಗುವ ಬಾಗಿಲು) ಪುಟದಲ್ಲಿ ಮಾನಿಟರ್ ಐಪಿ ಎಂಬ ಖಾಲಿ ಜಾಗವಿದೆ. ಅದನ್ನು ಹಾಗೇ ಬಿಟ್ಟರೆ ಅದು ಪಕ್ಕದಲ್ಲೇ ಕೂತಿರುವ ಫೈಬರ್ ಡಬ್ಬಿಯನ್ನು ಕೇಳುತ್ತಿರುತ್ತದೆ. ಹೊರಗೆ ರಸ್ತೆಯಲ್ಲಿ ಜೆಸಿಬಿ ಕೇಬಲ್ ಕಿತ್ತರೂ ಡಬ್ಬಿ ಮಾತ್ರ ‘ನಾನಿದ್ದೇನೆ’ ಅನ್ನುತ್ತಲೇ ಇರುತ್ತದೆ! ಫೈರ್‌ವಾಲ್ ಅದನ್ನೇ ನಂಬಿ ಸುಮ್ಮನಿರುತ್ತದೆ. ಆದ್ದರಿಂದ ಹೊರಗಿನ ಇಂಟರ್ನೆಟ್ಟಿನ ವಿಳಾಸ ಕೊಡಿ: ಫೈಬರ್‌ಗೆ 1.1.1.1, ಸಿಮ್‌ಗೆ 8.8.8.8 ಹಾಕಿ. ಎರಡಕ್ಕೂ ಒಂದೇ ವಿಳಾಸ ಹಾಕಬೇಡಿ. ಮಾನಿಟರಿಂಗ್ ಆಫ್ ಆಗಿದ್ದರೆ ಆನ್ ಮಾಡಿ. ಫೈಬರ್‌ನ ಪ್ರಯಾರಿಟಿ ಅಂಕಿ ಸಿಮ್‌ನದ್ದಕ್ಕಿಂತ ಚಿಕ್ಕದಿರಲಿ, ಚಿಕ್ಕ ಅಂಕಿಗೇ ಮೊದಲ ಮಣೆ.

ಆಮೇಲೆ ಎರಡೂ ಲೈನ್ ಸೇರಿಸಿ ಒಂದು ಗೇಟ್‌ವೇ ಗ್ರೂಪ್ ಮಾಡಿ. ಫೈಬರ್ ಟಿಯರ್ 1, ಸಿಮ್ ಟಿಯರ್ 2 (ಟಿಯರ್ ಅಂದರೆ ಸರದಿ, 1 ಬಿದ್ದರೆ 2). ಎರಡನ್ನೂ ಟಿಯರ್ 1 ಮಾಡಿದರೆ ಕೆಲಸ ಎರಡೂ ಲೈನಿಗೆ ಹಂಚಿಹೋಗುತ್ತದೆ. ಕೇಳಲು ಚೆಂದ, ಅಲ್ವಾ? ಆದರೆ ಒಮ್ಮೆ ಒಂದು ಐಪಿ, ಇನ್ನೊಮ್ಮೆ ಮತ್ತೊಂದು ಐಪಿ ಕಂಡರೆ ಬ್ಯಾಂಕಿನ ವೆಬ್‌ಸೈಟ್ ಅನುಮಾನಪಟ್ಟು ಹೊರಹಾಕುವುದುಂಟು. ಸಣ್ಣ ಆಫೀಸಿಗೆ ಹಂಚಿಕೆ ಬೇಡ, ಬದಲಿ ಲೈನ್ ಸಾಕು ಎಂಬುದು ನನ್ನ ಅಭಿಪ್ರಾಯ.

ಗ್ರೂಪ್ ಮಾಡಿದ ಮಾತ್ರಕ್ಕೆ ಅದು ಬಳಕೆಗೆ ಬರುವುದಿಲ್ಲ, ರೂಲ್‌ನಲ್ಲಿ (ಯಾವ ಓಡಾಟ ಬಿಡಬೇಕು, ಯಾವ ಲೈನಿನಲ್ಲಿ ಕಳಿಸಬೇಕು ಎಂಬ ನಿಯಮದಲ್ಲಿ) ಹೇಳಬೇಕು. ಆಫೀಸಿನ ರೂಲ್‌ಗಳಲ್ಲಿ ಮೇಲಿನ ಎರಡು ಒಳಗಿನ ಓಡಾಟಕ್ಕೆ: ಒಂದು ಫೈರ್‌ವಾಲ್‌ನ ಡಿಎನ್ಎಸ್‌ಗೆ (ವೆಬ್‌ಸೈಟಿನ ಹೆಸರಿಗೆ ಐಪಿ ವಿಳಾಸ ಹುಡುಕುವ ಕೆಲಸ), ಇನ್ನೊಂದು ಕ್ಯಾಮೆರಾ ನೋಡಲು. ಇವಕ್ಕೆ ಗೇಟ್‌ವೇ ಡೀಫಾಲ್ಟ್ ಇರಲಿ. ಅವುಗಳ ಕೆಳಗೆ ‘ಉಳಿದದ್ದೆಲ್ಲ’ ಎಂಬ ರೂಲ್ ಹಾಕಿ, ಅದಕ್ಕೆ ಗ್ರೂಪ್ ಕೊಡಿ. ಓದುವುದು ಮೇಲಿನಿಂದ ಕೆಳಕ್ಕೆ, ಮೊದಲು ಹೊಂದಿದ ರೂಲೇ ಅಂತಿಮ. ಕ್ರಮ ತಲೆಕೆಳಗಾದರೆ ಕ್ಯಾಮೆರಾ ನೋಡಲು ಹೊರಟದ್ದು ಇಂಟರ್ನೆಟ್ ಕಡೆ ಹೋಗಿ ಕಳೆದುಹೋಗುತ್ತದೆ. ಜೊತೆಗೆ ಸಿಸ್ಟಂ ಸೆಟ್ಟಿಂಗ್‌ನಲ್ಲಿ ಡೀಫಾಲ್ಟ್ ಗೇಟ್‌ವೇ ಸ್ವಿಚಿಂಗ್‌ಗೆ ಟಿಕ್ ಹಾಕಿ. ಇಲ್ಲದಿದ್ದರೆ ಫೈಬರ್ ಹೋದಾಗ ಫೈರ್‌ವಾಲ್‌ನ ಸ್ವಂತ ಡಿಎನ್ಎಸ್ ಕೆಲಸ ನಿಲ್ಲುತ್ತದೆ. ಲೈನ್ ಇದೆ, ಆದರೆ ಒಂದು ವೆಬ್‌ಸೈಟೂ ತೆರೆಯುವುದಿಲ್ಲ.

ಈ ಟಿಕ್‌ನಿಂದ ಇನ್ನೊಂದು ಎಡವಟ್ಟು ಹುಟ್ಟುತ್ತದೆ. ಕ್ಯಾಮೆರಾಗಳು ಸಿಮ್ ಡೇಟಾ ಕುಡಿದು ಮುಗಿಸಬಾರದು ಎಂದು ಅವುಗಳ ರೂಲ್‌ಗೆ ಫೈಬರ್ ಗೇಟ್‌ವೇ ಮಾತ್ರ ಕೊಟ್ಟಿರುತ್ತೀರಿ. ಫೈಬರ್ ಬಿದ್ದಾಗ ಓಪನ್‌ಸೆನ್ಸ್ ಆ ಗೇಟ್‌ವೇಯನ್ನು ಕೈಬಿಟ್ಟು, ಅದೇ ರೂಲನ್ನು ಡೀಫಾಲ್ಟ್ ಲೈನಿಗೆ ಹಚ್ಚುತ್ತದೆ. ಆಗ ಡೀಫಾಲ್ಟ್ ಯಾವುದು? ಸಿಮ್! ಫೈರ್‌ವಾಲ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್‌ನಲ್ಲಿ ‘ಸ್ಕಿಪ್ ರೂಲ್ಸ್’ ಆಯ್ಕೆ ಇದೆ, ಟಿಕ್ ಹಾಕಿ. ಆಗ ಫೈಬರ್ ಇಲ್ಲದಿದ್ದರೆ ಆ ರೂಲೂ ಇರುವುದಿಲ್ಲ, ಕ್ಯಾಮೆರಾ ಹೊರಗೆ ಹೋಗುವುದಿಲ್ಲ.

ಪರೀಕ್ಷೆ ಮಾಡುವಾಗ ಫೈರ್‌ವಾಲ್‌ಗೆ ಬಂದ ಕೇಬಲ್ ಕೀಳಬೇಡಿ, ಅದು ತೀರಾ ಸುಲಭದ ಪರೀಕ್ಷೆ. ಡಬ್ಬಿಯ ಹಿಂದಿನ ಫೈಬರ್ ತಂತಿಯನ್ನೇ ಬಿಚ್ಚಿ (ಅದರ ತುದಿಯೊಳಗೆ ಕಣ್ಣಿಟ್ಟು ನೋಡಬೇಡಿ). ಒಂದು ಕಂಪ್ಯೂಟರಿನಲ್ಲಿ 9.9.9.9ಕ್ಕೆ ಪಿಂಗ್ (ಲೈನ್ ಇದೆಯೇ ಎಂದು ಪದೇ ಪದೇ ಕೇಳುವ ಕಮಾಂಡ್) ಓಡಿಸಿ ಇಟ್ಟುಕೊಳ್ಳಿ. ಉತ್ತರ ಸ್ವಲ್ಪ ಹೊತ್ತು ನಿಂತು ಮತ್ತೆ ಶುರುವಾಗಬೇಕು. ಬ್ಯಾಂಕಿನಲ್ಲಿ ಮತ್ತೆ ಲಾಗಿನ್ ಆಗಬೇಕಾಗಬಹುದು. ಫೈಬರ್ ವಾಪಸ್ ಬಂದ ಮೇಲೂ, ಆಗಲೇ ಸಿಮ್‌ನಲ್ಲಿ ಶುರುವಾದ ಡೌನ್‌ಲೋಡ್ ಅಲ್ಲೇ ಮುಂದುವರಿಯಬಹುದು, ಗಾಬರಿ ಬೇಡ.

ಎಲ್ಲ ಸರಿಯಾದ ಮೇಲೆ ಕಾನ್ಫಿಗರೇಶನ್ ಫೈಲ್ ಇಳಿಸಿ ಪೆನ್‌ಡ್ರೈವ್‌ಗೆ ಹಾಕಿಡಿ. ಕಲಬುರಗಿಯ ಮೇ ತಿಂಗಳ ಬಿಸಿಲಲ್ಲಿ ಪೆಟ್ಟಿಗೆ ತಗಡಿನ ಶೆಡ್ಡಿನಡಿ ಇರಬಾರದು. ಯುಪಿಎಸ್‌ಗೆ ಮೂರನ್ನೂ ಹಚ್ಚಿ: ಫೈರ್‌ವಾಲ್, ಫೈಬರ್ ಡಬ್ಬಿ, ಸಿಮ್ ರೌಟರ್. ಯುಪಿಎಸ್ಸೂ ಖಾಲಿಯಾಗುವಷ್ಟು ಹೊತ್ತು ಕರೆಂಟ್ ಹೋದರೆ? ಕಂಪ್ಯೂಟರಿನ ಬಯೋಸ್‌ನಲ್ಲಿ (ಆನ್ ಆಗುವಾಗ ಎಲ್ಲಕ್ಕಿಂತ ಮೊದಲು ಸಿಗುವ ಸೆಟ್ಟಿಂಗ್), ಕರೆಂಟ್ ಬಂದ ಕೂಡಲೇ ತಾನಾಗಿ ಆನ್ ಆಗುವ ಆಯ್ಕೆಯನ್ನು ಇವತ್ತೇ ಹಾಕಿಬಿಡಿ.