‘ನೌಕರನು’ ತೆಗೆದು ‘ನೌಕರರು’ ಬರೆದೆ: ನನ್ನ ಅನುಭವ

ಶಿಕ್ಷಣಕ್ಕೆ ಸಂಬಂಧಿಸಿದ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ವಿಷಯ ನಿರ್ವಾಹಕಿ. ಸುತ್ತೋಲೆ, ಅರ್ಜಿ ನಮೂನೆಗಳ ಕನ್ನಡ ಕರಡು ನನ್ನ ಮೇಜಿಗೇ ಬರುತ್ತವೆ. ಮೊದಲೆಲ್ಲ ಹಳೆಯ ಕಡತದಲ್ಲಿ ಇದ್ದುದನ್ನೇ ಸುಮ್ನೆ ನಕಲು ಮಾಡುತ್ತಿದ್ದೆ. “ಸದರಿ ನೌಕರನು ತನ್ನ ಪತ್ನಿಯ...” ಎಂದು ಬರೆಯುವಾಗ ಕೈ ತಡೆಯುತ್ತಲೇ ಇರಲಿಲ್ಲ.

ಒಂದು ದಿನ ಶಾಲಾ ದಾಖಲಾತಿ ಅರ್ಜಿ ಹಿಡಿದು ಒಬ್ಬ ತಾಯಿ ಬಂದರು. ‘ತಂದೆಯ ಹೆಸರು’ ಎಂಬಲ್ಲಿ ಗೆರೆ ಎಳೆದಿದ್ದರು. “ಖಾಲಿ ಬಿಡೋ ಹಾಗಿಲ್ಲಮ್ಮ” ಎಂದು ಅರ್ಜಿ ವಾಪಸು ಕೊಟ್ಟೆವು. “ಅವರು ನಮ್ಮ ಜೊತೆ ಇಲ್ಲ ಮೇಡಂ. ಮಗು ಸಾಕ್ತಿರೋದು ನಾನು” ಎಂದರು. ಅವತ್ತು ಸಂಜೆ ಆ ನಮೂನೆಯನ್ನು ಮನೆಗೆ ತಂದೆ.

ಆ ನಮೂನೆಯ ಜೊತೆ ‘ನೌಕರನು’, ‘ಅವನು’ ಥರದ ಪದಗಳನ್ನೂ ತಿದ್ದಬೇಕು ಎಂದಾಗ ಮೇಲಧಿಕಾರಿಗಳು ಹೇಳಿದ್ದು ಇಷ್ಟೇ: “ಕಾನೂನಲ್ಲೇ ‘ಅವನು’ ಅಂದ್ರೆ ‘ಅವಳೂ’ ಸೇರುತ್ತೆ ಅಂತಿದೆಯಲ್ಲಮ್ಮ.” ನಿಜ. 1897ರ ಸಾಮಾನ್ಯ ಖಂಡಗಳ ಅಧಿನಿಯಮದ 13ನೇ ಸೆಕ್ಷನ್ ಹಾಗೇ ಹೇಳುತ್ತದೆ. ಆದರೆ ಕಾನೂನನ್ನು ಹೇಗೆ ಓದಬೇಕು ಎಂದು ಅದು ಹೇಳುತ್ತದೆ. ಅರ್ಜಿಯನ್ನು ಹಾಗೇ ಬರೆಯಬೇಕು ಎಂದು ಎಲ್ಲೂ ಹೇಳುವುದಿಲ್ಲ. ನನ್ನ ಟಿಪ್ಪಣಿಯಲ್ಲಿ ಇದನ್ನೇ ಬರೆದೆ.

ಇನ್ನೊಂದು ಬಲ 1999ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಸಿಕ್ಕಿತು, ಗೀತಾ ಹರಿಹರನ್ ಪ್ರಕರಣ. 1956ರ ಹಿಂದೂ ಪೋಷಕತ್ವ ಕಾಯ್ದೆಯಲ್ಲಿ ಮಗುವಿನ ಸಹಜ ಪೋಷಕರು ‘ತಂದೆ, ಅವನ ನಂತರ ತಾಯಿ’ ಎಂದಿದೆ. ‘ನಂತರ’ ಎಂದರೆ ತಂದೆ ತೀರಿಕೊಂಡ ಮೇಲೆ ಎಂದೇ ಅಲ್ಲ, ಅವನು ಮಗುವಿನ ಜವಾಬ್ದಾರಿಯಿಂದ ದೂರ ಉಳಿದಾಗಲೂ ತಾಯಿ ಪೋಷಕಿಯೇ ಎಂದು ಕೋರ್ಟು ಹೇಳಿತು. ಒಂದೇ ಒಂದು ಪದದ ಅರ್ಥ! ಅದರಲ್ಲಿ ಎಷ್ಟು ತಾಯಂದಿರ ಅರ್ಜಿ ನಿಂತಿದೆ ನೋಡಿ. ನಮೂನೆಯಲ್ಲಿ ‘ತಾಯಿ / ತಂದೆ / ಪೋಷಕರ ಹೆಸರು’ ಎಂದು ಮಾಡಿಸಿದೆ, ಒಬ್ಬರ ಹೆಸರಿದ್ದರೂ ಸಾಕು ಎಂಬ ಸೂಚನೆಯ ಜೊತೆ.

ಆಮೇಲೆ ಭಾಷೆಯ ಕೆಲಸ. ಮೊದಲ ಕರಡಿನಲ್ಲಿ ಎಲ್ಲ ಕಡೆ ‘ಅವನು/ಅವಳು’ ಎಂದು ಹಾಕಿದ್ದೆ. ಓದಲು ಆಗುತ್ತಿರಲಿಲ್ಲ. ಕನ್ನಡದಲ್ಲಿ ಅದರ ಅಗತ್ಯವೂ ಇಲ್ಲ ಅಲ್ವಾ? ನಮಗೆ ‘ಅವರು’ ಇದೆ. ‘ಬೇಕು’, ‘ಬಹುದು’, ‘ಬಾರದು’ ಇವಕ್ಕೆ ಲಿಂಗವೇ ಇಲ್ಲ. ನಿಯಮಗಳಲ್ಲಿ ಜಾಸ್ತಿ ಬರುವುದೂ ಇವೇ. “ನೌಕರನು 30 ದಿನದೊಳಗೆ ಅರ್ಜಿ ಸಲ್ಲಿಸಬೇಕು” ಎಂಬುದರಲ್ಲಿ ಬದಲಿಸಬೇಕಾದ್ದು ಒಂದೇ ಪದ. ಒಂದು ತೊಡಕು ಬಂತು. ‘ನೌಕರರು’ ಎಂದರೆ ಒಬ್ಬರೋ ಎಲ್ಲರೂ ಸೇರಿಯೋ ಎಂಬ ಗೊಂದಲ. ಅಂಥ ಕಡೆ ‘ಸಂಬಂಧಪಟ್ಟ ನೌಕರರು’, ‘ಪ್ರತಿಯೊಬ್ಬ ನೌಕರರೂ’ ಎಂದು ಬರೆದೆ.

‘ಪತ್ನಿ’ ಬದಲು ‘ಸಂಗಾತಿ’ ಎಂದು ಬರೆದಿದ್ದನ್ನು ಮಾತ್ರ ನಾನೇ ಹಿಂದಕ್ಕೆ ತೆಗೆದೆ. ಸೌಲಭ್ಯ ಯಾರಿಗೆ ಎಂದು ನಿಯಮ ಸ್ಪಷ್ಟವಾಗಿ ಹೇಳುವಾಗ, ಕರಡು ಬರೆಯುವವರು ಅದರ ಅರ್ಥ ಹಿಗ್ಗಿಸಬಾರದು. ಬದಲಿಗೆ ‘ಪತಿ ಅಥವಾ ಪತ್ನಿ’ ಎಂದು ಬರೆದೆ. ಹೆರಿಗೆ ರಜೆಯ ಸುತ್ತೋಲೆಯಲ್ಲೂ ‘ಮಹಿಳಾ ನೌಕರರು’ ಎಂದೇ ಇದೆ.

ಲಿಂಗದ ಕಾಲಂನಲ್ಲೂ ಎಲ್ಲರಿಗೂ ಹೊಂದುವ ಪದ ಸಾಲದು, ಅಲ್ಲಿ ಪ್ರತಿ ಲಿಂಗದ ಹೆಸರನ್ನೂ ಹೇಳಲೇಬೇಕು. 2014ರಲ್ಲಿ ಸುಪ್ರೀಂ ಕೋರ್ಟು ತೃತೀಯ ಲಿಂಗವನ್ನು ಮಾನ್ಯ ಮಾಡಿತು. 2021ರಲ್ಲಿ ಕರ್ನಾಟಕ ತನ್ನ 1977ರ ನೇಮಕಾತಿ ನಿಯಮಗಳನ್ನು ತಿದ್ದಿ, ಸರ್ಕಾರಿ ಹುದ್ದೆಗಳಲ್ಲಿ ಅವರಿಗೆ ಶೇ. 1ರಷ್ಟು ಮೀಸಲಾತಿ ಕೊಟ್ಟಿತು. ಅರ್ಜಿಯಲ್ಲಿ ಕಾಲಂ ಇಲ್ಲದಿದ್ದರೆ ಆ ಹಕ್ಕನ್ನು ಕೇಳುವುದಾದರೂ ಹೇಗೆ? ನಮ್ಮ ನಮೂನೆಯಲ್ಲಿ ‘ಇತರೆ’ ಎಂದಿತ್ತು. “ಇತರೆ ಅಂದ್ರೆ ಸಾಮಾನಿನ ಪಟ್ಟಿ ಥರ ಅನ್ಸುತ್ತೆ ಮೇಡಂ” ಎಂದು ಅರ್ಜಿದಾರರೊಬ್ಬರು ಹೇಳಿದರು. ಆ ಮಾತು ಇನ್ನೂ ಕಿವಿಯಲ್ಲಿದೆ. ಮುಂದಿನ ಮುದ್ರಣದಲ್ಲಿ ‘ತೃತೀಯ ಲಿಂಗ’ ಎಂದು ಸೇರಿಸಿದೆವು.

ಉಳಿದಿರುವುದು ‘ಕೋಂ’. ಹಳೆಯ ದಾಖಲೆಗಳಲ್ಲಿ ಗಂಡಸಿಗೆ ‘ಬಿನ್’ ಎಂದು ಅಪ್ಪನ ಹೆಸರು, ಮದುವೆಯಾದ ಹೆಣ್ಣಿಗೆ ‘ಕೋಂ’ ಎಂದು ಗಂಡನ ಹೆಸರು. ನನಗೆ ಇಷ್ಟವಿಲ್ಲದ ಪದ. ಆದರೆ ಒಂದು ಕಡೆ ಮಾತ್ರ ಅಳಿಸಿದರೆ ಪಹಣಿಗೂ ಅರ್ಜಿಗೂ ಹೆಸರು ತಾಳೆಯಾಗದೆ ಅಲೆಯುವವರು ಅದೇ ಹೆಂಗಸರು. ಹಾಗಾಗಿ ಹಳೆಯ ದಾಖಲೆ ಮುಟ್ಟಿಲ್ಲ. ಹೊಸ ನಮೂನೆಯಲ್ಲಿ ಗಂಡನ ಹೆಸರು ಕೇಳುವುದನ್ನು ಬಿಟ್ಟಿದ್ದೇವೆ.