ದೊಡ್ಡಪ್ಪನ ಜನತಾ ವಾಚು

ದೊಡ್ಡಮ್ಮ ವಾಚು ತಂದಿದ್ದು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಇದ್ದ ಚೀಲದಲ್ಲೇ. ಕರ್ಚೀಫಿನಲ್ಲಿ ಸುತ್ತಿ ಮೇಲೊಂದು ರಬ್ಬರ್ ಬ್ಯಾಂಡ್ ಹಾಕಿದ್ದರು. “ನೋಡಪಾ, ನಿಮ್ಮ ದೊಡ್ಡಪ್ಪಂದು. ಯಾರೋ ಎರಡು ಸಾವಿರ ಕೊಡ್ತೀನಿ ಅಂತ ಮೊಮ್ಮಗನಿಗೆ ಅಂದಾರಂತೆ. ಅಸಲಿ ಐತೋ ಇಲ್ಲೋ ನೀನೇ ಹೇಳು” ಅಂದರು.

ಎಚ್‌ಎಂಟಿ ಜನತಾ. ದೊಡ್ಡಪ್ಪ ಇಲ್ಲೇ ದಾವಣಗೆರೆಯ ಹತ್ತಿ ಗಿರಣಿಯಲ್ಲಿದ್ದವರು. 1981ರಲ್ಲಿ, ಮದುವೆ ಆದ ವರ್ಷ ಕೊಂಡಿದ್ದಂತೆ. ನಾನು ಅಂಗಡಿಗಳ ಲೆಕ್ಕ ಬರೆಯುವವನು, ವಾಚ್ ರಿಪೇರಿಯವನಲ್ಲ. ಹನ್ನೆರಡು ವರ್ಷದಿಂದ ಹಳೇ ವಾಚಿನ ಹುಚ್ಚು ಹತ್ತಿದೆ, ಅಷ್ಟೇ. ಆದರೆ ನೆಂಟರ ಪಾಲಿಗೆ ನಾನೇ ದೊಡ್ಡ ಪಂಡಿತ.

‘ಅಸಲಿ’ ಅನ್ನೋ ಮಾತಿನಲ್ಲಿ ಎರಡು ಪ್ರಶ್ನೆ ಇದೆ. ವಾಚು ಕಾರ್ಖಾನೆಯದ್ದೇನಾ ಅನ್ನೋದು ಒಂದು. ಅವತ್ತು ಡಬ್ಬಿಯಿಂದ ತೆಗೆದಾಗ ಇದ್ದ ಸಾಮಾನೇ ಈಗಲೂ ಇದೆಯಾ ಅನ್ನೋದು ಇನ್ನೊಂದು. ಎಚ್‌ಎಂಟಿಯಲ್ಲಿ ಮೊದಲನೆಯದು ಸುಲಭ, ಎರಡನೆಯದೇ ತಲೆನೋವು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ಬೆಂಗಳೂರಿನಲ್ಲಿ ಶುರು ಮಾಡಿದರು. 1978ರಲ್ಲಿ ತುಮಕೂರಿಗೂ ಕಾರ್ಖಾನೆ ಬಂತು. 2016ರಲ್ಲಿ ಬಾಗಿಲು ಹಾಕುವ ತೀರ್ಮಾನ ಆಯಿತು. ಅಷ್ಟರಲ್ಲಿ ಕೋಟಿಗಟ್ಟಲೆ ವಾಚು ಜನರ ಕೈಗೆ ಹೋಗಿದ್ದವು. ಹಾಗಾಗಿ ಬಿಡಿಭಾಗ ಬೇಕಾದಷ್ಟು ಸಿಗುತ್ತವೆ. ನಾಲ್ಕು ಕೆಟ್ಟ ವಾಚು ಬಿಚ್ಚಿ ಒಂದು ಚಂದದ ವಾಚು ಕಟ್ಟೋದು ಕಷ್ಟವೇ ಅಲ್ಲ.

ಇದನ್ನ ನಾನು ಕಲಿತದ್ದು ದುಡ್ಡು ಕಳೆದುಕೊಂಡು. ಮೂರು ವರ್ಷದ ಹಿಂದೆ ಫೋಟೊ ನೋಡಿಯೇ 2,600 ರೂಪಾಯಿ ಕೊಟ್ಟು ಎಚ್‌ಎಂಟಿಯದೇ ‘ಪೈಲಟ್’ ಅನ್ನೋ ವಾಚು ತರಿಸಿದೆ. ನೀಲಿ ಡಯಲ್, ಫಳಫಳ ಅನ್ನುತ್ತಿತ್ತು. ಬಂದ ದಿನ ಲೆನ್ಸ್ ಹಿಡಿದು ನೋಡಿದರೆ ಹೊಟ್ಟೆ ಚುರ್ ಅಂತು. ಅಕ್ಷರದ ಅಂಚು ರಟ್ಟಿನ ಮೇಲೆ ಇಂಕು ಹರಡಿದ ಹಾಗಿತ್ತು. ನಿಮಿಷದ ಗೆರೆಗಳು ಒಂದು ದಪ್ಪ, ಒಂದು ಸಣ್ಣ. ಏಳಕ್ಕೂ ಎಂಟಕ್ಕೂ ಮಧ್ಯೆ ಸಾಲು ಸ್ವಲ್ಪ ವಾಲಿತ್ತು. ಡಯಲ್ ಹೊರಗೆ ತೆಗೆಸಿದಾಗ ಅಂಚಿನಲ್ಲಿ ಅರದಿಂದ ಉಜ್ಜಿದ ಸಣ್ಣ ಕಚ್ಚು ಕಂಡಿತು. ಹಳೇ ಬಣ್ಣ ಕೆರೆದು ಹೊಸದು ಹೊಡೆಯುವವರು ಅಕ್ಷರ ನೇರ ಕೂರಲಿ ಅಂತ ಇಂಥ ಗುರುತು ಮಾಡಿಕೊಳ್ಳುತ್ತಾರೆ. ಡಯಲನ್ನ ಮಷಿನಿಗೆ ಕೂರಿಸುವ ಹಿಂಬದಿಯ ಎರಡು ಕಾಲಲ್ಲಿ ಒಂದು ಮುರಿದಿತ್ತು, ಗಮ್ ಹಚ್ಚಿ ಕೂರಿಸಿದ್ದರು. ಒಳಗಿನ ಮಷಿನ್ ಮಾತ್ರ ಅಪ್ಪಟ ಎಚ್‌ಎಂಟಿ. ಮಾರಿದವನಿಗೆ ಫೋನ್ ಮಾಡಿದೆ. “ಸಾರ್, ಅಸಲಿ ಅಂದ್ನೇ ಹೊರತು ಹಳೇ ಬಣ್ಣ ಅಂದ್ನಾ?” ಅಂದ. ಮಾತಿಗೆ ಮಾತು ಸರಿಯಾಗೇ ಇತ್ತು ಬಿಡಿ.

ಅವತ್ತಿನಿಂದ ಒಂದು ರೂಢಿ ಮಾಡಿಕೊಂಡೆ. ವಾಚು ಕೈಗೆ ಬಂದ ಕೂಡಲೇ ಕೀ ಕೊಡಲ್ಲ. ಒಳಗೆ ತುಕ್ಕು, ಕಸ ಇದ್ದರೆ ಓಡಿಸಿದಷ್ಟೂ ಸವೆಯುತ್ತದೆ. ಬೆಳಗ್ಗೆ ಹತ್ತು ಗಂಟೆಗೆ ಜಗುಲಿಯಲ್ಲಿ, ನೇರ ಬಿಸಿಲು ಬೀಳದ ಕಡೆ, ಬಿಳಿ ಬಟ್ಟೆ ಹಾಸಿ ಕೂರುತ್ತೇನೆ. ಟ್ಯೂಬ್‌ಲೈಟಿನ ಬೆಳಕಲ್ಲಿ ಹೊಸ ಬಣ್ಣವೂ ಹಳೇದೇ ಅನಿಸಿಬಿಡುತ್ತದೆ.

ದೊಡ್ಡಪ್ಪನ ವಾಚಿನ ಡಯಲ್ ಒಂದು ಕಾಲಕ್ಕೆ ಬೆಳ್ಳಗಿದ್ದಿರಬೇಕು. ಈಗ ಹಾಲಿನ ಕೆನೆ ಬಣ್ಣ. ನಡುವಿನಿಂದ ಅಂಚಿನವರೆಗೂ ಒಂದೇ ಸಮ ತಿರುಗಿದೆ. ಅಕ್ಷರ ಚೂಪಾಗಿದೆ, ವಾರೆಯಾಗಿ ಹಿಡಿದರೆ ಶಾಯಿ ಒಂದು ಕೂದಲೆಳೆ ಎದ್ದು ನಿಂತ ಹಾಗೆ ಕಾಣುತ್ತದೆ. ನಾಲ್ಕರ ಹತ್ತಿರ ಮಾತ್ರ ಟೀ ಚೆಲ್ಲಿದ ಹಾಗೆ ಕಂದು ಕಲೆ. ದೊಡ್ಡಮ್ಮ ಅದನ್ನೇ ತೋರಿಸಿ, “ಪೇಂಟ್ ಮಾಡಿಸಿದ್ರೆ ಜಾಸ್ತಿ ರೇಟ್ ಬರ್ತೈತಂತೆ, ಹೌದಾ?” ಅಂದರು. ದಯವಿಟ್ಟು ಬೇಡ ಅಂದೆ. ಆ ಕಲೆ ಇರೋದಕ್ಕೇ ಇದು ಹಳೇ ಡಯಲ್ ಅಂತ ನನಗೆ ಧೈರ್ಯ ಬಂದದ್ದು.

ನಾನು ಮುಖ್ಯವಾಗಿ ನೋಡೋದು ಒಂದೇ. ವಾಚಿನ ಎಲ್ಲಾ ಭಾಗಕ್ಕೂ ವಯಸ್ಸು ಒಂದೇ ಥರ ಆಗಿದೆಯಾ? ಕೇಸು ಸವೆದು ಹೋಗಿ ಡಯಲ್ ಮಾತ್ರ ಮದುವೆ ಗಂಡಿನ ಹಾಗಿದ್ದರೆ ಏನೋ ಎಡವಟ್ಟಿದೆ ಅಂತ ಲೆಕ್ಕ.

ಇಲ್ಲಿ ಎಡವಟ್ಟು ಮುಳ್ಳುಗಳಲ್ಲಿ ಸಿಕ್ಕಿತು. ಡಯಲ್ ಕೆನೆ ಬಣ್ಣಕ್ಕೆ ತಿರುಗಿದೆ, ಮುಳ್ಳು ನಿನ್ನೆ ತಂದ ಚಮಚದ ಹಾಗೆ ಹೊಳೆಯುತ್ತಿವೆ. ನಿಮಿಷದ ಮುಳ್ಳಿನ ತುದಿ ಗೆರೆಯನ್ನ ಮುಟ್ಟಬೇಕು. ಇದು ಅರ್ಧ ಮಿಲಿಮೀಟರ್ ಮೊದಲೇ ನಿಂತುಬಿಟ್ಟಿದೆ. ಬೇರೆ ವಾಚಿನವು, ಅನುಮಾನವೇ ಇಲ್ಲ. ಕೀ ಗುಂಡಿಯೂ ಬದಲಾಗಿದೆ. ಕೇಸಿಗೆ ಒತ್ತಿ ಕೂರದೆ ಸ್ವಲ್ಪ ಹೊರಗೆ ನಿಂತಿದೆ. ಬೆಲ್ಟ್ ಸಿಕ್ಕಿಸುವ ಕಿವಿಗಳ ಒಳಬದಿಯಲ್ಲಿ ಬೆವರು ಕೂತು ಕ್ರೋಮ್ ಎದ್ದು, ಹಳದಿ ಹಿತ್ತಾಳೆ ಕಾಣುತ್ತಿದೆ. ಹಿಂದಿನ ಮುಚ್ಚಳದ ನಂಬರ್ ಮಾತ್ರ ಉಗುರಿಗೆ ತಾಗುವಷ್ಟು ಆಳ ಇದೆ. ಇದನ್ನ ಪಾಲಿಶ್ ಚಕ್ರಕ್ಕೆ ಹಿಡಿದಿಲ್ಲ ಅಂತಾಯಿತು. ಸಿಕ್ಕಾಪಟ್ಟೆ ಪಾಲಿಶ್ ಆದ ಕೇಸಿನಲ್ಲಿ ನಂಬರ್ ಅಳಿಸಿದ ಹಾಗಿರುತ್ತದೆ, ಮೂಲೆಗಳು ಚಪ್ಪರಿಸಿದ ಪೆಪ್ಪರ್‌ಮೆಂಟಿನ ಹಾಗೆ ದುಂಡಗಾಗಿರುತ್ತವೆ. ಗಾಜಿನ ಗೀರಿಗೆ ತಲೆ ಕೆಡಿಸಿಕೊಳ್ಳಲಿಲ್ಲ. ಅದು ಪ್ಲಾಸ್ಟಿಕ್, ಟೂತ್‌ಪೇಸ್ಟ್ ಹಾಕಿ ಉಜ್ಜಿದರೆ ಅರ್ಧ ಹೋಗುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕತ್ತಲಲ್ಲಿ ಹೊಳೆಯುವ ಬಣ್ಣ ಇರುವ ತೀರಾ ಹಳೇ ವಾಚು, ಅಂದರೆ 1960ಕ್ಕೂ ಹಿಂದಿನ ಸ್ವಿಸ್ ವಾಚು ಸಿಕ್ಕರೆ ಆ ಬಣ್ಣವನ್ನ ಉಗುರಲ್ಲಿ ಕೆರೆಯಬೇಡಿ. ಎಷ್ಟೋ ವಾಚಿನಲ್ಲಿ ಅದು ನಿಜವಾದ ರೇಡಿಯಂ. ಈಗ ಹೊಳೆಯದೇ ಇದ್ದರೂ ವಿಕಿರಣ ಹಾಗೇ ಇರುತ್ತದೆ. ಪುಡಿ ಉಸಿರಿಗೆ ಹೋಗಬಾರದು.

ಮುಚ್ಚಳ ತೆಗೆಯೋಕೆ ಅಶೋಕ ರಸ್ತೆ ಕಡೆಯ ಒಬ್ಬ ಹಳೇ ರಿಪೇರಿಯವರ ಹತ್ತಿರ ಹೋದೆ. ನನಗೂ ತೆಗೆಯೋಕೆ ಬರುತ್ತದೆ. ಆದರೆ ದೊಡ್ಡಮ್ಮ ಪಕ್ಕದಲ್ಲಿ ಕೂತಿದ್ದಾಗ ಕೈ ನಡುಗುತ್ತದೆ. ರಿಪೇರಿಯವರು ಮುಚ್ಚಳದ ಅಂಚು ನೋಡಿದ ಕೂಡಲೇ, “ಹುಷಾರಾಗಿ ತೆಗ್ದಾರೆ, ಒಳ್ಳೇ ಕೈ” ಅಂದರು. ಚಾಕು ಜಾರಿದ ಗೀರು ಇರಲಿಲ್ಲ.

ಒಳಗೆ 0231 ಅನ್ನೋ ನಂಬರಿನ ಮಷಿನ್, 17 ಜ್ಯುವೆಲ್, ಅಂದರೆ ಚಕ್ರಗಳು ಸವೆಯದಿರಲಿ ಅಂತ ಕೂರಿಸಿದ ಸಣ್ಣ ಹರಳುಗಳು. ತಿರುಪಿನ ತಲೆಗಳು ಚೂಪಾಗೇ ಇದ್ದವು. ಅಡ್ಡಾದಿಡ್ಡಿ ರಿಪೇರಿ ಆಗಿದ್ದರೆ ತಿರುಪಿನ ಸೀಳು ಹರಿದಿರುತ್ತದೆ, ನಾನು ಮೊದಲು ನೋಡೋದೇ ಅದನ್ನ. ಕೀ ಕಡ್ಡಿ ಹೋಗುವ ಜಾಗದಲ್ಲಿ ಮಾತ್ರ ಒಂದು ಚೂರು ಹಳೇ ತುಕ್ಕಿನ ಕಲೆ ಇತ್ತು. ಗಂಟೆಗೆ 18,000, ಅಂದರೆ ಸೆಕೆಂಡಿಗೆ ಐದು ಟಿಕ್. ನಾಲ್ಕು ಸುತ್ತು ಕೀ ಕೊಟ್ಟು ಟಿಕ್ ಕೇಳಿ ವೇಗ ಅಳೆಯುವ ಅವರ ಟೈಮಿಂಗ್ ಮಷಿನ್ ಮೇಲೆ ಇಟ್ಟರೆ ದಿನಕ್ಕೆ 50 ಸೆಕೆಂಡ್ ಮುಂದೆ ಓಡುತ್ತಿತ್ತು. ಮಲಗಿಸಿದಾಗ ಒಂದು ಥರ, ನಿಲ್ಲಿಸಿದಾಗ ಇನ್ನೊಂದು ಥರ. ಎಣ್ಣೆ ಒಣಗಿದೆ, ಬಿಚ್ಚಿ ತೊಳೆದರೆ ಸರಿಹೋಗುತ್ತದೆ ಅಂದರು. “ಜಾಸ್ತಿ ಕೀ ಕೊಟ್ಟು ಕೆಟ್ಟೈತೇನೋ” ಅಂತ ದೊಡ್ಡಮ್ಮನ ಅನುಮಾನ. ಎಲ್ಲರೂ ಹೀಗೇ ಹೇಳುತ್ತಾರೆ, ಆದರೆ ಪೂರ್ತಿ ಕೀ ಕೊಟ್ಟ ಮಾತ್ರಕ್ಕೆ ವಾಚು ನಿಲ್ಲಲ್ಲ. ಒಳಗೆ ಕೊಳೆ ಕೂತಾಗ ನಿಲ್ಲುತ್ತದೆ.

ಆಮೇಲೆ ರಿಪೇರಿಯವರು ಮುಚ್ಚಳದ ಒಳಬದಿ ತಿರುಗಿಸಿ ತೋರಿಸಿದರು. ಸೂಜಿಯಲ್ಲಿ ಗೀಚಿದ ಸಣ್ಣ ಅಕ್ಷರ. ರಿಪೇರಿಯವರು ತಾವು ಮುಟ್ಟಿದ ವಾಚಿಗೆ ಹೀಗೆ ತಾರೀಖು ಹಾಕಿಡುತ್ತಾರೆ. ಮೂರು ಸಾಲಿದ್ದವು. 85, 89, 97. ಮೊದಲನೆಯದರ ಮತ್ತು ಕೊನೆಯದರ ಅಕ್ಷರ ಒಬ್ಬರದೇ, ನಡುವಿನದು ಬೇರೆ ಕೈ.

“89 ಅಂದ್ರೆ…” ದೊಡ್ಡಮ್ಮ ಬೆರಳು ಮಡಚಿ ಎಣಿಸಿದರು. “ಅವತ್ತೇ ಅಲ್ವಾ ಭದ್ರಾ ಚಾನಲ್‌ನಾಗೆ ಈಜಾಕೆ ಇಳಿದಿದ್ದು? ವಾಚ್ ಬಿಚ್ಚೋದೇ ಮರ್ತುಬಿಟ್ಟಿದ್ರು. ಒಂದು ವಾರ ಅಕ್ಕಿ ಡಬ್ಬಿಯೊಳಗೆ ಇಟ್ಟಿದ್ದೆ ನಾನು!”

ನಾಲ್ಕರ ಹತ್ತಿರದ ಕಲೆ, ಕೀ ಕಡ್ಡಿಯ ತುಕ್ಕು, ಬದಲಾದ ಗುಂಡಿ, ಹೊಸ ಮುಳ್ಳು, ನಾಲ್ಕೂ ಒಂದೇ ಸಲಕ್ಕೆ ಲೆಕ್ಕಕ್ಕೆ ಬಂದವು. ನೀರು ಗುಂಡಿಯ ಕಡೆಯಿಂದ ನುಗ್ಗಿ ಮೂರಕ್ಕೂ ನಾಲ್ಕಕ್ಕೂ ನಡುವೆ ಇಳಿದಿದೆ. ತುಕ್ಕು ಹಿಡಿದ ಮುಳ್ಳು, ಗುಂಡಿ ಎರಡನ್ನೂ ರಿಪೇರಿಯವರು ಬದಲಿಸಿದ್ದಾರೆ. ಡಯಲ್ ಮುಟ್ಟದೆ ಬಿಟ್ಟ ಆ ಪುಣ್ಯಾತ್ಮನಿಗೆ ಮನಸ್ಸಲ್ಲೇ ಕೈ ಮುಗಿದೆ.

ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಡಯಲ್, ಕೇಸು, ಮಷಿನ್ ಮೊದಲಿನವು. ಮುಳ್ಳು, ಗುಂಡಿ ಬದಲಾದವು. ನೀರು ಕುಡಿದ ಗುರುತಿದೆ, ಸರ್ವಿಸ್ ಬೇಕು. ಕೊಳ್ಳುವವನಿಗೆ ಇದನ್ನೇ ತೋರಿಸಿ, ಎರಡು ಸಾವಿರ ನ್ಯಾಯದ ಮಾತೇ ಅಂದೆ.

ದೊಡ್ಡಮ್ಮ ಚೀಟಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ವಾಚು ಕಿವಿಗೆ ಹಿಡಿದು ಸ್ವಲ್ಪ ಹೊತ್ತು ಕೇಳಿದರು.

“ದಿನಕ್ಕೆ ಐವತ್ತು ಸೆಕೆಂಡ್ ಮುಂದೆ ಓಡ್ತೈತಿ ಅಂದ್ಯಲ್ಲ, ಅದನ್ನ ಸರಿ ಮಾಡಿಸ್ಬೇಡ. ಗಿರಣಿಗೆ ಲೇಟಾಗಬಾರದು ಅಂತ ಅವ್ರು ಐದು ನಿಮಿಷ ಮುಂದೇನೇ ಇಡ್ತಿದ್ರು.”

ಎಣ್ಣೆಯನ್ನಾದರೂ ಹಾಕಿಸೋಣ ಅಂತ ಒಪ್ಪಿಸೋಕೆ ಎರಡು ಬೆಣ್ಣೆ ದೋಸೆ ಖರ್ಚಾಯಿತು.